ಹ್ಞೂಂ ಅನ್ನಲು ಒಂದಿಷ್ಟು ಜಾಗ

ಶಿರಾದಲ್ಲಿ ಬೆಳಗಿನ ಆಜಾನ್ ಮುಗಿದಿದೆ, ಗುಬ್ಬಚ್ಚಿಗಳು ಇನ್ನೂ ಬಾಯಿ ಬಿಟ್ಟಿಲ್ಲ. ನಮಾಜು ಮುಗಿಸಿದ ಜಹೀದಾ ಚಾಪೆ ಮಡಿಸಿಟ್ಟು, ಅದೇ ಮೂಲೆಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. "ಮಿಕ್ಸಿ, ಆಟೋ ಶುರುವಾಗೋ ಮುಂಚೆ ಕೇಳ್ಬೇಕು. ಆಮೇಲೆ ಕಿವಿ ನನ್ನ ಮಾತು ಕೇಳಲ್ಲ" ಎಂದು ನಗುತ್ತಾರೆ.

ಅವರ ಕೆಲಸವೇ ಕೇಳುವುದು. ಕುರಿಗಾಹಿಗಳ ಸಂಘವೊಂದು ಮಧುಗಿರಿ, ಪಾವಗಡದ ಹಟ್ಟಿಗಳಿಗೆ ಲಸಿಕೆಯ ಸುದ್ದಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ ಮಾತಾಗಿಯೇ ಕಳಿಸುತ್ತದೆ. ಬೆಟ್ಟದ ಹಿಂದೆ ಸಿಗ್ನಲ್ ನೂಲಿನೆಳೆಯಷ್ಟು; ಇಡೀ ದನಿ ಅದರಲ್ಲಿ ನುಸುಳದು. ದನಿಯನ್ನು ಹಿಂಡಿ ಹಗುರ ಮಾಡಬೇಕು. ಸಂಘದ ಎಂಜಿನಿಯರ್ ಅನಿಲ್ ಕುಮಾರ್ ಒಂದೇ ಮಾತನ್ನು ಬೇರೆ ಬೇರೆ ವಿಧಾನದಲ್ಲಿ ಹಿಂಡಿ ಕಳಿಸುತ್ತಾರೆ. ಯಾವುದು ಕಿವಿಗೆ ಹತ್ತುತ್ತದೆಂದು ಜಹೀದಾ ಐದಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ದಿನಕ್ಕೆ ನಲವತ್ತು ತುಣುಕು. ಮಿಕ್ಕ ಹೊತ್ತು ಹೊಲಿಗೆ.

ಹೋದ ಮಳೆಗಾಲದಲ್ಲಿ ಬಳಸಿದ ವಿಧಾನ, ಮಾತು ನಿಂತ ಕಡೆ ಸದ್ದನ್ನೇ ಕಳಿಸುತ್ತಿರಲಿಲ್ಲ. ಐ.ಡಿ.ಹಳ್ಳಿ ಹತ್ತಿರದ ಹಟ್ಟಿಯ ದೊಡ್ಡಕ್ಕ, ಲೈನ್ ಕಟ್ ಆಯಿತೆಂದು ಅರ್ಧಕ್ಕೇ ಫೋನ್ ಇಟ್ಟುಬಿಟ್ಟರು. ಲಸಿಕೆಯ ದಿನ ತಪ್ಪಿತು. ಕುರಿಗಳಿಗೆ ನೀಲಿನಾಲಿಗೆ ರೋಗ ಬಂದು ಅವರ ಅರ್ಧ ಮಂದೆ ಸತ್ತುಹೋಯಿತು. ಈಗ ಮತ್ತೆ ಲಸಿಕೆಯ ಸುದ್ದಿ ಹೋಗಬೇಕು. ಯಾವ ವಿಧಾನ ಅನ್ನುವುದು ಇವತ್ತೇ ತೀರ್ಮಾನವಾಗಬೇಕು.

ನಡುವಿನ ಬಿಡುವನ್ನೆಲ್ಲ ಕತ್ತರಿಸಿ ಮಾತಿಗೆ ಮಾತು ಅಂಟಿಸಿದ ವಿಧಾನಕ್ಕೆ ಜಹೀದಾ ಐದು ಅಂಕ ಕೊಟ್ಟಿದ್ದಾರೆ. ಹಗುರ, ಮಾತೂ ಸ್ಪಷ್ಟ. ಆದರೂ ಮನಸ್ಸು ತಡೆಯದೆ ದೊಡ್ಡಕ್ಕನಿಗೇ ಕೇಳಿಸಲು ಬಸ್ಸು ಹತ್ತುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನೂ ಜೊತೆಗಿದ್ದೇನೆ.

ಹಟ್ಟಿಯಲ್ಲಿ ಆ ತುಣುಕು ಕೇಳಿದ ದೊಡ್ಡಕ್ಕ ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಾರೆ. "ಯಾರವ್ವ ಇವ್ಳು, ಇಂಗೆ ಬೈತಾವ್ಳೆ? ಉಸ್ರು ತಗಳಾಕಿಲ್ವ?"

"ಬೈತಿಲ್ಲ ದೊಡ್ಡಕ್ಕ. ಕುರಿ ಸೂಜಿ ವಿಷ್ಯ."

"ಆಗ್ಲಿ ಕಣಮ್ಮ. ನಾನು ಹ್ಞೂಂ ಅನ್ನೋದು ಎಲ್ಲಿ ಮತ್ತೆ?"

ನಮ್ಮ ಸೀಮೆಯಲ್ಲಿ ಕತೆಗೆ ಹ್ಞೂಂಗುಟ್ಟುವವರು ಬೇಕೇ ಬೇಕು. ಹ್ಞೂಂ ನಿಂತರೆ ದೇವರ ಕತೆಯೂ ಅಲ್ಲೇ ನಿಲ್ಲುತ್ತದೆ.

ಆಮೇಲೆ ಜಹೀದಾ ತಾವು ಮೂರೇ ಅಂಕ ಕೊಟ್ಟಿದ್ದ ತುಣುಕು ಹಾಕುತ್ತಾರೆ. ದನಿ ತುಸು ಒರಟು. ಆದರೆ ಬಿಡುವು ಇದ್ದಲ್ಲೇ ಇದೆ. ಅದರೊಳಗೆ ತೆಳ್ಳಗೆ ಗಾಳಿಯಾಡಿದಂಥ ಸದ್ದು, ಆ ಕಡೆ ಯಾರೋ ಕೂತಿದ್ದಾರೆ ಅನ್ನುವಷ್ಟು. ದೊಡ್ಡಕ್ಕ ಗೋಡೆಗೆ ಒರಗುತ್ತಾರೆ. "ಹ್ಞೂಂ... ಹ್ಞೂಂ..." ಮುಗಿದ ಮೇಲೆ ಒಪ್ಪಿಸುತ್ತಾರೆ: "ಸೋಮ್ವಾರ ಬೆಳಿಗ್ಗೆ, ಇಸ್ಕೂಲ್ ತಾವ. ಮರಿಗಳ್ನೂವೆ ಹೊಡ್ಕಂಬರ್ಬೇಕು. ಹೋದ್ಸಲ್ವೂ ಇಂಗೇ ಹೇಳಿದ್ರೆ ಏನಾಗ್ತಿತ್ತು?"

ಜಹೀದಾ ಹಟ್ಟಿಯ ದಿಬ್ಬ ಹತ್ತಿ ಅನಿಲ್‌ಗೆ ಫೋನ್ ಮಾಡುತ್ತಾರೆ. "ನನ್ನ ಅಂಕ ತಪ್ಪಾಯ್ತು. ಆ ಒರಟು ದನೀದೇ ಕಳಿಸಿ."

"ಅದು ಸ್ವಲ್ಪ ಭಾರ ಮೇಡಂ. ತಲುಪೋದು ತಡ ಆಗುತ್ತೆ."

"ಆಗ್ಲಿ. ಬಂದ ಮೇಲೆ ಕೊನೇವರೆಗೂ ಕೇಳ್ತಾರಲ್ಲ."

ವಾಪಸಿನ ಬಸ್ಸಿನಲ್ಲಿ ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅವರು ಕಿಟಕಿಯಾಚೆ ನೋಡುತ್ತಾರೆ. "ಅಲ್ಲಾ ನಡೆಸಿಕೊಟ್ರೆ ಸೋಮವಾರ ಹೊಲಿಗೆ ಮಷಿನ್ ಮುಚ್ಚಿ ಇಲ್ಲಿಗೇ ಬರ್ತೀನಿ. ದೊಡ್ಡಕ್ಕನ ಕುರಿ ಸಾಲಲ್ಲಿ ನಿಂತಿರೋದು ಕಣ್ಣಲ್ಲಿ ನೋಡ್ಬೇಕು. ಬರೀ ಕಿವೀನ ನಂಬಿದ್ದು ಸಾಕು."