ಸಾಗವಾನಿ ಹಲಗೆ, ಮತ್ತಿಮರದ ಹೊಸ್ತಿಲು

ಎಂಬತ್ತರ ದಶಕದಲ್ಲಿ ಬಮ್ಮಿಗಟ್ಟಿಯ ನಮ್ಮ ಮನೆಗೆ ನಾನೇ ದುಡ್ಡು ಕೊಟ್ಟು ಕೂಡಿಸಿದ ಆ ಹೊಸ್ತಿಲು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಅದನ್ನು ಮಾಡಿದ ಬಡಿಗೇರನ ಮೇಲೆ ಅರ್ಧ ಪಾಲು ಸಿಟ್ಟು, ನನ್ನ ಮೇಲೆ ಒಂದೂವರೆ ಪಾಲು.

ಅಕ್ಕ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಎಲುಬೇನೋ ಕೂಡಿತು, ಬಲಗಾಲು ಮಾತ್ರ ನೆಲ ಬಿಟ್ಟು ಏಳಲಿಲ್ಲ, ಎಳೆದುಕೊಂಡೇ ನಡೆಯುತ್ತಿದ್ದಳು. ಪಡಸಾಲೆಯಿಂದ ಹೊರಗಿನ ಕಟ್ಟೆಗೆ ಬರಬೇಕೆಂದರೆ ಗೇಣೆತ್ತರದ ಕಲ್ಲಿನ ಹೊಸ್ತಿಲು ಅಡ್ಡ. ಇಬ್ಬರು ರಟ್ಟೆ ಹಿಡಿದು ಎತ್ತಿ ದಾಟಿಸಬೇಕು. “ಜ್ವಾಳದ ಚೀಲ ಮಾಡೀರೇನಲೇ ನನ್ನ?” ಎಂದು ಬೈಯುತ್ತಿದ್ದಳು. ಕೊನೆಗೆ ಹೊರಗೆ ಬರುವುದನ್ನೇ ಬಿಟ್ಟಳು.

ಅದಕ್ಕೇ ಕಲ್ಲು ಕೀಳಿಸಿದೆ. ಅಳ್ನಾವರದಿಂದ ಸಾಗವಾನಿ ತರಿಸಿ, ಪಡಸಾಲೆಯಿಂದ ಕಟ್ಟೆಯ ತುದಿಯವರೆಗೆ ಹಲಗೆಗಳನ್ನು ಒಂದೇ ಸಮ ಹಾಸಬೇಕೆಂದು ಬಡಿಗೇರನಿಗೆ ಹೇಳಿದೆ. ಅಷ್ಟಕ್ಕೆ ಬಾಯಿ ಮುಚ್ಚಬೇಕಿತ್ತು. ನಾನೋ, ದಿನವೂ ಶಾಲೆಗೆ ಹೋಗುವಾಗ ಒಂದೊಂದು ಚಿಂತೆಯನ್ನು ಅವನ ತಲೆಗೆ ಕಟ್ಟಿ ಹೋಗುತ್ತಿದ್ದೆ. ಅಡ್ಡಮಳೆ ಹೊಡೆದರೆ ನೀರು ಒಳಗೆ ಬಂದೀತಲ್ಲ? ಚೇಳು ಬಂದರೆ? ಬಾಗಿಲ ಕೆಳಗೆ ಹಾವು ನುಸುಳಿದರೆ?

ಆಮೇಲೆ ಪರೀಕ್ಷೆಯ ಪೇಪರು ತಿದ್ದಲು ನಾಲ್ಕು ದಿನ ಧಾರವಾಡಕ್ಕೆ ಹೋದೆ. ಬಂದು ನೋಡಿದರೆ ಹಲಗೆಗಳ ನಡುವೆ ಕಡ್ಡಿ ತೂರಲೂ ಸಂದಿಲ್ಲ. ಆದರೆ ಬಾಗಿಲಲ್ಲಿ, ಹಳೆಯದಕ್ಕಿಂತ ಎರಡು ಬೆರಳು ಹೆಚ್ಚೇ ಎತ್ತರದ, ಮತ್ತಿಮರದ ಹೊಸ್ತಿಲು! ಅರಿಶಿನ ಕುಂಕುಮವೂ ಬಿದ್ದಿತ್ತು.

“ಏನ್ ಮಾಡೀರಿ ಇದು?” ಎಂದು ಕಿರುಚಿದೆ.

“ನೀವ ಹೇಳಿದ್ರಲ್ರಿ ಮಾಸ್ತರ. ನೀರಂದ್ರಿ, ಚೇಳಂದ್ರಿ, ಹಾವಂದ್ರಿ. ಮೂರಕ್ಕೂ ಇದೊಂದ ಔಷಧ.”

“ನಮ್ಮಕ್ಕ ಹೆಂಗ ದಾಟಬೇಕ್ರಿ?”

“ಅವರ ಸುದ್ದಿ ನೀವು ತಗೀಲೇ ಇಲ್ಲಲ್ರಿ.”

ನಿಜ. ಹಾವಿನವರೆಗೂ ಹೋದವನು ಅಕ್ಕನ ಕಾಲಿಗೆ ಬಂದಿರಲಿಲ್ಲ.

ಪೂಜೆಯಾದ ಹೊಸ್ತಿಲಿಗೆ ತಾನು ಗರಗಸ ಇಡುವುದಿಲ್ಲವೆಂದ. ಅವನ ಕೈಯಿಂದ ಕಿತ್ತುಕೊಂಡು ನಾನೇ ಕೊಯ್ಯಲು ಕೂತೆ. ಕಲ್ಲಿನಂಥ ಕಟ್ಟಿಗೆ, ಎರಡು ಬೆರಳು ಇಳಿದು ಗರಗಸ ಸಿಕ್ಕಿಕೊಂಡಿತು. ಎಳೆದರೆ ನಾನೇ ಅಲುಗಾಡಿದೆ.

ಗೋಡೆ ಹಿಡಿದು ಅಕ್ಕ ಬಂದಳು. “ಸರೀಲೇ ಅತ್ತಾಗ” ಎಂದವಳೇ ಚೌಕಟ್ಟು ಹಿಡಿದು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

“ಹೊಸ್ತಲ ಮ್ಯಾಲೆ ಕುಂದರಬಾರದ್ರಿ ಅಕ್ಕಾರ!” ಎಂದ ಬಡಿಗೇರ.

“ಹೌದ? ಹಂಗಾರ ನೀ ಹೊತ್ಕೊಂಡ ಹೋಗ ಬಾ.”

ಅಕ್ಕ ಎರಡೂ ಕೈಯಿಂದ ಬಲಗಾಲನ್ನೆತ್ತಿ ಆಚೆ ಇಟ್ಟಳು, ಆಮೇಲೆ ಎಡಗಾಲು. ಹಳೆಯ ಕಲ್ಲನ್ನೂ ಹೀಗೇ ದಾಟಬಹುದಿತ್ತು. ಚಿಕ್ಕಂದಿನಲ್ಲಿ ಹೊಸ್ತಿಲ ಮೇಲೆ ಕೂತಾಗ ಬೆನ್ನಿಗೆ ಬಿದ್ದ ಏಟುಗಳು ಅಷ್ಟು ದಿನ ಅವಳನ್ನು ಒಳಗೇ ಕೂರಿಸಿದ್ದವು. ಎದ್ದು, ಹಲಗೆಯ ಮೇಲೆ ಕಾಲೆಳೆಯುತ್ತ ಕಟ್ಟೆಯ ತುದಿಗೆ ಹೋಗಿ ಕೂತಳು.

ಚಾ ಒಯ್ದು ಕೊಟ್ಟೆ. “ಒಳಗ ಬರೂವಾಗ ಕೂಗಕ್ಕಾ” ಎಂದೆ.

“ಎತ್ತಾಕ ಬಂದೀ ಅಂದ್ರ ಕೈ ಮುರದ ಬಿಡ್ತೇನಿ” ಎಂದಳು.