ಬಣ್ಣ ಬಿಡುವ ಸೀರೆ ಮತ್ತು ಉಸ್ಮಾನಸಾಬನ ಮೈಕು

ಸವಣೂರಿನ ಉಸ್ಮಾನಸಾಬನ ಮುಖ ಕಂಡವರಿಗಿಂತ ದನಿ ಕೇಳಿದವರೇ ಹೆಚ್ಚು. ಮೊದಲು ಸೈಕಲ್ಲಿಗೆ, ಆಮೇಲೆ ಆಟೋದ ನೆತ್ತಿಗೆ ಮೈಕಿನ ಹಾರ್ನು ಕಟ್ಟಿಕೊಂಡು ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರುಗಳ ಓಣಿ ಓಣಿ ತಿರುಗಿ ಮೂವತ್ತು ವರ್ಷ ಅವನು ಸಾರಿದ್ದು ಒಂದೇ ಎರಡೇ? ಬಟ್ಟೆ ಅಂಗಡಿಯ ಸೇಲು, ಗೋವಿನಜೋಳದ ಹೊಸ ಬೀಜ, ನಾಟಕ, ಪೋಲಿಯೋ ಹನಿ, ನಾಳೆ ನಳದ ನೀರು ಬರುವುದಿಲ್ಲ ಎಂಬ ಸುದ್ದಿ. ಎಲ್ಲವೂ ಅದೇ ಗಂಟಲಿನಿಂದ, ಅದೇ ಗತ್ತಿನಿಂದ.

ಅವನದೊಂದು ಹಟವಿತ್ತು. ಕಣ್ಣಾರೆ ಕಾಣದ್ದನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಸೀರೆ ಸೇಲೆಂದರೆ ಮೊದಲು ಅದೇ ಥಾನಿನ ಒಂದು ತುಂಡು ಮನೆಗೆ ಬರಬೇಕು. ಹೆಂಡತಿ ರೋಶನಬಿ ಅದನ್ನು ಬಕೆಟ್ಟಿನಲ್ಲಿ ನೆನೆಯಿಟ್ಟು, ಹಿಂಡಿ, ಹಿತ್ತಲಲ್ಲಿ ಒಣಗಿಸಿ "ಹೂಂ, ಅಡ್ಡಿಯಿಲ್ಲ" ಅಂದ ಮೇಲೆಯೇ ಮರುದಿನ ಮೈಕು ಬಾಯಿ ಬಿಡುತ್ತಿತ್ತು. ಆಕೆ ಮುಖ ಸೊಟ್ಟ ಮಾಡಿದಳೋ, ಆ ಅಂಗಡಿಯವನು ಬೇರೆ ಗಂಟಲು ಹುಡುಕಿಕೊಳ್ಳಬೇಕು. ಹಾನಗಲ್ಲಿನ ಬಟ್ಟೆ ವ್ಯಾಪಾರಿ ಲಕ್ಷ್ಮಪ್ಪನಿಗೆ ಈ ಹಟವೇ ಇಷ್ಟ. "ಸಾಬ ಹೇಳಿದ್ರ ನಮ್ಮ ಅಂಗಡಿಗೆ ಅಳತಿಗೋಲು ಬ್ಯಾಡ" ಅನ್ನುತ್ತಿದ್ದ.

ಲಕ್ಷ್ಮಪ್ಪನಿಗೆ ವಯಸ್ಸಾಯಿತು; ಗಾದಿಯ ಮೇಲೆ ಮಗ ಶಿವಾನಂದ ಕುಂತ. ಕುಂತದ್ದೇ ತಡ, ಗಾದಿ ಕಿತ್ತು ಗಾಜಿನ ಕೌಂಟರು ಹಾಕಿಸಿದ, ಅಂಗಡಿಗೆ ಶೋರೂಮೆಂದು ಹೆಸರಿಟ್ಟ. ಪ್ರಚಾರಕ್ಕೆ ಹುಬ್ಬಳ್ಳಿಯಿಂದ ಶೈಲಾ ಎಂಬ ರೀಲ್ಸ್ ತಾರೆಯನ್ನು ಕರೆಸಿದ. ನಾಕು ಲಕ್ಷ ಫಾಲೋವರ್ಸ್ ಅಂತೆ. ನಾಕು ಲಕ್ಷ ಮಂದಿ ಕೈಕೆಲಸ ಬಿಟ್ಟು ಒಬ್ಬಾಕೆ ತಿನ್ನುವುದು, ಉಡುವುದು, ಆಕಳಿಸುವುದು ನೋಡುತ್ತ ಕೂಡುತ್ತಾರೆ ಎಂಬುದನ್ನು ಉಸ್ಮಾನಸಾಬ ಮೊದಲು ನಂಬಲಿಲ್ಲ. ಆಮೇಲೆ ತಡಸದ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ನಿಂತು ನೋಡಿದ. ಎದುರಿಗೆ ಬಂದ ಬಸ್ಸನ್ನೇ ನೋಡದೆ ತಪ್ಪಿಸಿಕೊಂಡವರು ಏಳು ಮಂದಿ. ಆವಾಗ ನಂಬಿದ.

"ಸಾಬರ, ನೀವೂ ಬರ್ರಿ," ಎಂದು ಶಿವಾನಂದ ಫೋನು ಮಾಡಿದ. "ಮೈಕ್ ಹಿಡಕೊಂಡು ಹಿಂದ ನಿಂದ್ರಿ, ಸಾಕು. ಹಳೇ ಕಾಲದ್ದು ಒಂದು ಲುಕ್ ಬರತೈತಿ."

ಮೂವತ್ತು ವರ್ಷ ಮುಂದೆ ನಿಂತು ಕೂಗಿದವನಿಗೆ ಹಿಂದೆ ನಿಲ್ಲುವ ಕೆಲಸ! ಆದರೂ ಲಕ್ಷ್ಮಪ್ಪನ ಮುಖ ನೋಡಿ ಹೋದ.

ಶೈಲಾ ಹುಬ್ಬಳ್ಳಿಯ ಹುಡುಗಿಯೇ. ಚಹಾ ಕುಡಿಯುವಾಗ "ಸಕ್ರಿ ಕಡಿಮಿ ಆತ್ರಿ" ಎಂದು ಚಂದಾಗಿ ಮಾತಾಡುತ್ತಿದ್ದಳು. ಮೊಬೈಲು ಎದುರಿಗೆ ಬಂದ ಕೂಡಲೇ ಆಕೆಯ ನಾಲಿಗೆ ಎದ್ದು ಬೆಂಗಳೂರಿಗೆ ಹೋಗಿ ಕುಂತಿತು. "ಹಾಯ್ ಗಾಯ್ಸ್! ನಾವೀಗ ಲೈವ್ ಇದೀವಿ! ಎಲ್ಲಿ ಗೊತ್ತಾ? ಹಂಗಲ್‌ನಲ್ಲಿ!"

"ಯಾರಿಗವ್ವಾ ಗಾಯ?" ಎಂದು ಉಸ್ಮಾನಸಾಬ ಹಿಂದಿನಿಂದ ಕೇಳಿಯೇಬಿಟ್ಟ. ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಲಕ್ಷ್ಮಪ್ಪ ಕಿಸಕ್ಕನೆ ನಕ್ಕ. ಶಿವಾನಂದ ಕಣ್ಣು ಕೆಕ್ಕರಿಸಿದ.

ಶೈಲಾ ಹಸಿರು ಮೈಯ, ಕೆಂಪು ದಡಿಯ ಒಂದು ಸೀರೆ ಎತ್ತಿ ಹೆಗಲ ಮೇಲೆ ಇಳಿಬಿಟ್ಟಳು. "ಪ್ಯೂರ್ ಕಾಟನ್ ಗಾಯ್ಸ್, ಹಂಡ್ರೆಡ್ ಪರ್ಸೆಂಟ್ ಗ್ಯಾರಂಟಿ ಕಲರ್! ನಾನೇ ಮನೆಯಲ್ಲಿ ದಿನಾ ಉಡ್ತೀನಿ!" ಆ ಸೀರೆಯ ಮಡಿಕೆ ಬಿಚ್ಚಿ ಇನ್ನೂ ಐದು ನಿಮಿಷವಾಗಿರಲಿಲ್ಲ; ಸೆರಗಿಗೆ ಚುಚ್ಚಿದ್ದ ಟಾಚಣಿ ಹಾಗೆಯೇ ಇತ್ತು. ಆಮೇಲೆ ಹಿಂದೆ ತಿರುಗಿ, "ಅಂಕಲ್, ನೀವು ಹೇಳಿ, ಸೂಪರ್ ಅಲ್ವಾ?" ಎಂದಳು.

ಉಸ್ಮಾನಸಾಬನಿಗೆ ಸುಳ್ಳಾಡಲು ಬರುತ್ತಿರಲಿಲ್ಲ ಅಂತಲ್ಲ, ರೂಢಿ ಇರಲಿಲ್ಲ. ಕಿಸೆಯಿಂದ ಬಿಳಿ ಕರವಸ್ತ್ರ ತೆಗೆದು, ಚಹಾದ ಜೊತೆ ಇಟ್ಟಿದ್ದ ನೀರಿನ ಲೋಟಕ್ಕೆ ಅದ್ದಿ, ಸೀರೆಯ ದಡಿಗೆ ನಾಕು ಸಲ ತಿಕ್ಕಿದ. ಕರವಸ್ತ್ರ ಎಲೆಯಡಿಕೆ ಉಗುಳಿದಷ್ಟು ಕೆಂಪಾಯಿತು. ಅದನ್ನು ಮೊಬೈಲಿಗೇ ಹಿಡಿದು, ನಳದ ನೀರಿನ ಸುದ್ದಿ ಸಾರುವ ಅದೇ ಗತ್ತಿನಲ್ಲಿ ಹೇಳಿದ: "ಬಣ್ಣ ಬಿಡತೈತಿ!"

ಲೈವ್ ಆದದ್ದರಿಂದ ಕತ್ತರಿ ಹಾಕುವ ಹಾಗಿರಲಿಲ್ಲ. ಶೈಲಾಳ ನಗು ಮುಖದ ಮೇಲೆಯೇ ಹೆಪ್ಪುಗಟ್ಟಿತು. ಶಿವಾನಂದ ಮೊಬೈಲು ಕಸಿದುಕೊಂಡು ಆರಿಸಿದ.

"ಸಾಬರ, ನಮ್ಮ ಹೊಟ್ಟಿ ಮ್ಯಾಲ ಹೊಡದ್ರಿ!"

"ನಾ ಎಲ್ಲಿ ಹೊಡದ್ನಿ ಶಿವಾನಂದಪ್ಪಾ? ನೀರು ಹೊಡೀತು."

"ಅಂವ ಹಂಗ ಮಾಡ್ತಾನಂತ ನಾ ಮೊದಲ ಹೇಳಿದ್ನಿ," ಎಂದ ಲಕ್ಷ್ಮಪ್ಪ ಮೂಲೆಯಿಂದ.

ಇನ್ನು ಈ ಅಂಗಡಿಯ ಋಣ ಹರಿಯಿತು ಎಂದುಕೊಂಡು ಉಸ್ಮಾನಸಾಬ ಸವಣೂರಿಗೆ ಬಂದ. ಪಾಪ ಶಿವಾನಂದನ ವ್ಯಾಪಾರ ಮುಳುಗಿತೇನೋ ಎಂಬ ಅಳುಕೂ ಇತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಗಾದೆಯ ಕಾಲ ಮುಗಿದಿತ್ತು ಎಂಬುದು ಅವನಿಗೇನು ಗೊತ್ತು? ಲೈವ್ ನೋಡಿದವರು ಯಾರೋ ಉಳಿಸಿಕೊಂಡು ಹಂಚಿದ ಆ ತುಣುಕನ್ನು ನಾಕು ದಿನಕ್ಕೆ ಹನ್ನೆರಡು ಲಕ್ಷ ಮಂದಿ ನೋಡಿದ್ದರು. ಮದುಮಗನ ಮುಖಕ್ಕೆ, ಪುಢಾರಿಗಳ ಭಾಷಣಕ್ಕೆ, ಎಮ್ಮೆಯ ಹಾಲಿಗೆ, ಎಲ್ಲದಕ್ಕೂ ಅವನ ದನಿ ಅಂಟಿಸಿದ್ದರು: ಬಣ್ಣ ಬಿಡತೈತಿ!

ವಾರ ಬಿಟ್ಟು ಹಾನಗಲ್ಲಿಗೆ ಹೋದಾಗ ಶೋರೂಮಿನ ಮುಂದೆ ಕಾಲಿಡಲು ಜಾಗವಿಲ್ಲ. ಬಾಗಿಲ ಮೇಲೆ ದೊಡ್ಡ ಬ್ಯಾನರು, ಅದರಲ್ಲಿ ಕೆಂಪು ಕರವಸ್ತ್ರ ಹಿಡಿದ ಉಸ್ಮಾನಸಾಬನ ಫೋಟೋ, ಕೆಳಗೆ "ಬಣ್ಣ ಬಿಡತೈತಿ ಖ್ಯಾತಿಯ ಶೋರೂಂ". ಹೆಂಗಸರು ಒದ್ದೆ ಕರವಸ್ತ್ರ ಹಿಡಿದು ಸೀರೆ ತಿಕ್ಕುತ್ತ, ಮೊಬೈಲಿಗೆ ತೋರಿಸುತ್ತ, ನಗುತ್ತ, ಅದೇ ಸೀರೆ ಕೊಳ್ಳುತ್ತಿದ್ದರು. ಹಂಸಭಾವಿಯಿಂದ ಬಂದಿದ್ದ ಒಬ್ಬಾಕೆಯನ್ನು ಉಸ್ಮಾನಸಾಬ ತಡೆದು ಕೇಳಿದ. "ಯವ್ವಾ, ಬಣ್ಣ ಬಿಡೂದು ಕಣ್ಣಾರೆ ಕಂಡು ಯಾಕ ತಗೋತಿ?"

"ಇದು ಉಡಾಕ ಅಲ್ರಿ ಸಾಬರ, ರೀಲ್ಸ್ ಮಾಡಾಕ. ಬಣ್ಣ ಬಿಡದಿದ್ರ ಯಾರು ನೋಡ್ತಾರ?" ಎಂದು ಆಕೆ ಅವನ ಭುಜಕ್ಕೆ ಭುಜ ಹಚ್ಚಿ ಒಂದು ಸೆಲ್ಫಿಯನ್ನೂ ಹೊಡೆದುಕೊಂಡಳು.

ಶಿವಾನಂದ ಓಡಿ ಬಂದು ಕೈ ಹಿಡಿದುಕೊಂಡ. ಮುಂದಿನ ಶುಕ್ರವಾರ ಮತ್ತೆ ಬಂದು ತಿಕ್ಕಬೇಕಂತೆ. ಉಸ್ಮಾನಸಾಬ ಕೈ ಕೊಡವಿಕೊಂಡು ಆಟೋ ಹತ್ತಿದ. ಸುಳ್ಳು ಮಾರಾಟವಾಗುವುದನ್ನು ಅವನು ಕಂಡಿದ್ದ. ಖರೆ ಮಾತೇ ಸುಳ್ಳಿನ ಅಂಗಡಿಗೆ ಬಾಗಿಲು ಕಾಯುವುದನ್ನು ಕಂಡಿರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಅಯಾಜ್ ಎಂಬ ಮಾರ್ಕೆಟಿಂಗಿನವನು ಮನೆಗೇ ಬಂದು, ರೋಶನಬಿ ಕೊಟ್ಟ ಚಹಾ ಹೊಗಳಿ, ಅದರ ಫೋಟೋ ತೆಗೆದು, ಚಹಾ ಆರಿದ ಮೇಲೆ ಕುಡಿದ. "ಚಾಚಾ, ನಿಮ್ಮ ಈಮಾನದಾರೀನ ನಿಮ್ಮ ಬ್ರ್ಯಾಂಡು. ಒಂದು ಸೋಪಿನ ಪುಡಿ ಕಂಪನಿಗೆ ನೀವ ಬೇಕಂತ." ಒಳ್ಳೆಯ ಪುಡಿಯಾದರೆ ಹೇಳಲು ಏನು ಅಡ್ಡಿ ಎಂದು ಉಸ್ಮಾನಸಾಬ ಹುಬ್ಬಳ್ಳಿಗೆ ಹೋದ. ಅಲ್ಲಿ ಮುಖಕ್ಕೆ ಪೌಡರು ಬಳಿದರು, ಹೊಸ ಅಂಗಿ ಬಿಚ್ಚಿಸಿ ತೇಪೆ ಹಾಕಿದ ಅಂಗಿ ತೊಡಿಸಿದರು, ಬಕೆಟ್ಟಿನ ಮುಂದೆ ಕೂಡ್ರಿಸಿದರು. ಬಕೆಟ್ಟಿನ ತುಂಬ ಬೆಳ್ಳನೆಯ ನೊರೆ. ಅವನು ಕೈ ಅದ್ದಿ ಮೂಸಿದ.

"ಇದು ಶಾಂಪೂ ಅಲ್ಲೇನು?"

"ಪುಡಿಯ ನೊರಿ ಕ್ಯಾಮೆರಾಕ್ಕ ಕಾಣಂಗಿಲ್ರಿ ಚಾಚಾ. ನೀವು ಬರೇ 'ಬಣ್ಣ ಬಿಡಂಗಿಲ್ಲ' ಅನ್ರಿ."

"ಪುಡಿ ಎಲ್ಲೈತಿ?"

ಯಾರೂ ತಂದಿರಲಿಲ್ಲ. ಪ್ಯಾಕೆಟ್ಟು ಇತ್ತು, ಒಳಗೆ ಉಸುಕು ತುಂಬಿ ಉಬ್ಬಿಸಿದ್ದರು. ಉಸ್ಮಾನಸಾಬ ತೇಪೆಯ ಅಂಗಿ ಬಿಚ್ಚಿ ಅಯಾಜನ ಕೈಗೆ ಕೊಟ್ಟ. "ಈಮಾನ ಬ್ರ್ಯಾಂಡ್ ಆದ್ರ, ಅದನ್ನೂ ಸಂತ್ಯಾಗ ಇಟ್ಟಂಗ ಆತಲ್ಲೋ ತಮ್ಮಾ," ಅಂದು ಸವಣೂರಿನ ಬಸ್ಸು ಹತ್ತಿದ.

ಅಲ್ಲಿಂದ ಮುಂದೆ ಅಂಗಡಿಯವರು ಅವನನ್ನು ಕರೆಯುವುದು ಬಿಟ್ಟರು. ಕರೆದರೆ ಎಲ್ಲಿ ಕರವಸ್ತ್ರ ತೆಗೆಯುತ್ತಾನೋ ಎಂಬ ದಿಗಿಲು. ಪಂಚಾಯ್ತಿಯವರಷ್ಟೇ ಉಳಿದರು. ಅವರಿಗೆ ಮಾರಲು ಏನೂ ಇರಲಿಲ್ಲವಲ್ಲ.

ಹೋದ ಮಾರ್ಚಿನಲ್ಲಿ ಹಾನಗಲ್ಲ ಕಡೆಯ ಆಡೂರಿನ ಪಂಚಾಯ್ತಿಯವರು ಹೇಳಿ ಕಳಿಸಿದರು. ಹುಚ್ಚುನಾಯಿಯೊಂದು ಮೂವರನ್ನು ಕಚ್ಚಿ ಓಡಿತ್ತು. ವಾಟ್ಸಾಪಿನಲ್ಲಿ ಸುದ್ದಿ ಹಾಕಿದ್ದರು. ಆದರೆ ಅದೇ ಗ್ರೂಪಿನಲ್ಲಿ ಹಿಂದಿನ ವಾರ ಚಿರತೆ, ಅದರ ಹಿಂದಿನ ವಾರ ಮಕ್ಕಳ ಕಳ್ಳರು ಬಂದು ಹೋಗಿದ್ದರು, ಎರಡೂ ಬೇರೆ ರಾಜ್ಯದ ಹಳೆಯ ವಿಡಿಯೋ. ಹೀಗಾಗಿ ನಾಯಿಯನ್ನು ಯಾರೂ ನಂಬಲಿಲ್ಲ. ಉಸ್ಮಾನಸಾಬ ಆಟೋ ನಿಧಾನ ಮಾಡಿ ಸಾರಿದ: "ಹುಚ್ಚುನಾಯಿ ಬಂದೈತಿ. ಕಚ್ಚಿದ್ರ ಸಾಬೂನು ಹಚ್ಚಿ ತೊಳೀರಿ, ಅವತ್ತ ದವಾಖಾನಿಗೆ ಹೋಗ್ರಿ!" ಕಟ್ಟೆಯ ಮೇಲಿನ ಪಡ್ಡೆ ಹುಡುಗರು ಮೊಬೈಲು ಎತ್ತಿ, "ಸಾಬರ, ಅದನ್ನ ಹೇಳ್ರಿ, ಬಣ್ಣ ಬಿಡತೈತಿ ಹೇಳ್ರಿ!" ಎಂದು ಹಿಂದೆ ಬಿದ್ದರು. ನಾಯಿಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಉಸ್ಮಾನಸಾಬ ಅವರತ್ತ ನೋಡದೆ ಅದನ್ನೇ ಮತ್ತೆ ಮತ್ತೆ ಸಾರಿದ.

ಹಿಂದಿನ ಓಣಿಯಲ್ಲಿ ಅನ್ನವ್ವ ಎಂಬ ಮುದುಕಿ ಬಾಗಿಲಿಗೆ ಬಂದು ಕೈ ಅಡ್ಡ ಹಿಡಿದಳು. ಮೀನಖಂಡಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು. "ಖರೇನ ಹುಚ್ಚುನಾಯಿ ಏನ್ರಿ ಅದು? ಮುಂಜಾನೆ ನನ್ನ ಹಿಡೀತು. ಮೊಮ್ಮಗ ಮೊಬೈಲ್ ನೋಡಿ ಖಾರಪುಡಿ, ಸುಣ್ಣ ಮೆತ್ತ್ಯಾನ. ಸೂಜಿ ಬ್ಯಾಡ ಅಂತ ಹೇಳ್ತಾರಂತ ಅದರಾಗ."

"ಹೇಳಿದಂವ ಯಾರವ್ವಾ?"

"ಯಾರೋ ಗಡ್ಡದಾಂವ. ಭಾಳ ಮಂದಿ ಲೈಕ್ ಕೊಟ್ಟಾರಂತ."

ಉಸ್ಮಾನಸಾಬ ಮೈಕು ಬಂದ್ ಮಾಡಿದ. ಬಚ್ಚಲಿಗೆ ಕರೆದೊಯ್ದು ಸುಣ್ಣ, ಖಾರ ಎಲ್ಲ ಹೋಗುವ ತನಕ ತಾನೇ ನೀರು ಹಾಕಿ, ಸಾಬೂನಿನಿಂದ ಗಾಯ ತೊಳೆಸಿದ. ಆಕೆಯನ್ನು ಆಟೋದಲ್ಲಿ ಕೂಡ್ರಿಸಿಕೊಂಡು ನೆಟ್ಟಗೆ ಹಾನಗಲ್ಲಿನ ಸರಕಾರಿ ದವಾಖಾನೆಗೆ ಹೊಡೆದ. ಪಡ್ಡೆಗಳು ಮೋಟರ್‌ಸೈಕಲ್ಲಿನಲ್ಲಿ ಬೆನ್ನಟ್ಟಿ ಅದನ್ನೂ ಚಿತ್ರಿಸಿದರು. ಸಂಜೆಗೆ "ಅಜ್ಜಿನ ಹಾರಿಸಿಕೊಂಡು ಹೊಂಟ ಬಣ್ಣದ ಸಾಬ" ಎಂದು ಹಾಡು ಹಚ್ಚಿ ಹರಿಬಿಟ್ಟರು. ನೋಡಿದವರು ಎಷ್ಟೋ ಸಾವಿರ. ಆ ಮುದುಕಿಯ ಕಾಲಿಗೆ ಏನಾಗಿತ್ತು ಎಂದು ಕೇಳಿದವರು ಒಬ್ಬರೂ ಇಲ್ಲ.

ಡಾಕ್ಟರು ಸೂಜಿ ಮಾಡಿ, ಮೂರನೆಯ ದಿನ, ಏಳನೆಯ ದಿನ ಮತ್ತೆ ತಪ್ಪದೆ ಬರಬೇಕು ಎಂದರು. ಮೊಮ್ಮಗ ಕರೆದುಕೊಂಡು ಬರುತ್ತಾನೋ ಇಲ್ಲವೋ ಎಂದು ಅನ್ನವ್ವ ಪಿಟಿಪಿಟಿ ಅನ್ನತೊಡಗಿದಳು.

"ಅಂವನ್ನ ಮೊಬೈಲ್ ಜೋಡಿ ಬಿಡವ್ವಾ, ನಾ ಬರ್ತೇನಿ," ಎಂದ ಉಸ್ಮಾನಸಾಬ. ಮೂರನೆಯ ದಿನ ಮುಂಜಾನೆ ಹೇಳಿದ ಹೊತ್ತಿಗೆ ಆಡೂರಿಗೆ ಹೋದ. ಅನ್ನವ್ವ ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕಾಯುತ್ತ ಕುಂತಿದ್ದಳು.