ತಾರಸಿಯ ಮೇಲೊಂದು ರಣಹದ್ದು

ವಿಮಾನದ ಮಾತಿರಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೂ ನನಗೆ ಹೊಟ್ಟೆ ತೊಳೆಸುತ್ತದೆ. ಅಂಥ ನಾನು ಸಂಜೆ ಒಲೆಯ ಮೇಲೆ ಕುಕ್ಕರ್ ಇಟ್ಟು, ಅದು ಕೂಗುವಷ್ಟರಲ್ಲಿ ನಮ್ಮೂರು ಅಕ್ಕೂರಿನಿಂದ ಮಾಗಡಿಯವರೆಗೆ ಹಾರಿ ಬರುತ್ತೇನೆ. ಕಂಪ್ಯೂಟರಿನಲ್ಲಿ, ಮತ್ತೆಲ್ಲಿ! ಚನ್ನಪಟ್ಟಣದ ಶಾಲೆಯೊಂದರ ಆಫೀಸಿನಲ್ಲಿ ದಿನವಿಡೀ ಟಿ.ಸಿ. ಬರೆದು ಬಂದವಳಿಗೆ ಈ ವಿಮಾನದಾಟ ಪರಮಸುಖ. ನೆಲಕ್ಕೆ ಬಿದ್ದರೂ ಯಾರೂ ಸಾಯುವುದಿಲ್ಲ. ಹೆಚ್ಚೆಂದರೆ ಅನ್ನ ತಳ ಹಿಡಿಯುತ್ತದೆ.

ಆದರೆ ಕೆಳಗಿನ ಸೀಮೆ ಬಿಕೋ ಎನ್ನುತ್ತಿತ್ತು. ಕೆರೆಯಿದೆ, ಕೊಕ್ಕರೆಯಿಲ್ಲ. ಕಾಡಿದೆ, ಒಂದು ಮೊಲವೂ ಇಲ್ಲ. ಓಡಾಡುವ ಪ್ರಾಣಿಗಳನ್ನು ನಾವೇ ಸೇರಿಸಬಹುದೆಂದು ತಿಳಿದದ್ದೇ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಒಂದು ಹಿಂಡನ್ನು ಇಳಿಸಿಕೊಂಡೆ. ಕಣ್ವ ಜಲಾಶಯದ ದಂಡೆಯಲ್ಲಿ ಜಿರಾಫೆ ಮೇಯತೊಡಗಿತು! ಪುಕ್ಕಟೆ ಎಂದರೆ ನನಗೊಂದು, ನಮ್ಮತ್ತೆಗೊಂದು ಎನ್ನುವ ನನ್ನ ಬುದ್ಧಿಗೆ ತಕ್ಕ ಶಾಸ್ತಿ. ಅವನ್ನೆಲ್ಲ ಓಡಿಸಿ, ಕನಕಪುರದ ಕಾಡಿಗೆ ಆನೆ ಬಿಟ್ಟೆ. ರಾಮನಗರದ ಬಂಡೆಗಳಿಗೆ ರಣಹದ್ದು ಬೇಡವೇ?

ಹದ್ದಿಗೆ ಎಲ್ಲಿ ಸುತ್ತಬೇಕು, ಎಲ್ಲಿ ಕೂರಬೇಕು ಎಂಬುದನ್ನೆಲ್ಲ ಅಕ್ಷಾಂಶ ರೇಖಾಂಶದ ಅಂಕಿಗಳಲ್ಲಿ ಹೇಳಬೇಕು. ಕೊರಿಯರ್‌ನವರಿಗೆ ದಾರಿ ಹೇಳಲೆಂದು ಇಟ್ಟುಕೊಂಡಿದ್ದ ನಮ್ಮ ಮನೆಯ ಅಂಕಿಗಳನ್ನೇ ನಾನು ಬಂಡೆಯ ಜಾಗದಲ್ಲಿ ಅಂಟಿಸಿಬಿಟ್ಟಿದ್ದೆ. ಕೊರಿಯರ್‌ನವರು ಇಂದಿಗೂ ಹಾಲಿನ ಡೈರಿಯ ಹತ್ತಿರ ನಿಂತು ಫೋನ್ ಮಾಡುತ್ತಾರೆ. ಹದ್ದು ಮಾತ್ರ ಯಾರನ್ನೂ ಕೇಳದೆ ಬಂದು ಪರದೆಯೊಳಗಿನ ನಮ್ಮ ತಾರಸಿಯ ಮೇಲೆ ಕೂತಿತು.

ಅದೇ ಹೊತ್ತಿಗೆ ನಮ್ಮತ್ತೆ ರೇಷ್ಮೆಹುಳಕ್ಕೆಂದು ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹಿಡಿದು ಬಂದರು.

"ಅಯ್ಯಯ್ಯೋ, ನಮ್ಮನೆ ಮ್ಯಾಲೆ ರಣಹದ್ದು ಕುಂತೈತಲ್ಲವ್ವಾ! ಹುಳ ಹಣ್ಣಾಗೋ ಹೊತ್ನಾಗೆ! ತೆಗಿ ಮೊದ್ಲು!"

"ಅದು ಆಟದ ಹದ್ದು ಕಣತ್ತೆ."

"ಹದ್ದು ಆಟದ್ದಾದ್ರೇನು, ಮನೆ ನಮ್ದೇ ತಾನೆ?"

ನೀರಿನ ತೊಟ್ಟಿಯ ನೀಲಿ ಬಣ್ಣವನ್ನೂ ಬಿಡದೆ ಆಟದಲ್ಲಿ ನಮ್ಮ ಮನೆಯನ್ನು ಥೇಟ್ ಹಾಗೇ ಕಟ್ಟಿಟ್ಟವಳು ನಾನೇ. ರಣಹದ್ದು ಕೂತ ಮನೆಯನ್ನು ಬಿಟ್ಟು ಹೋಗಿ, ಶಾಂತಿ ಮಾಡಿಸಿಯೇ ಮತ್ತೆ ಒಳಗೆ ಬರುವುದು ಅತ್ತೆಯ ಕಾಲದ ಪದ್ಧತಿ. ಅವರ ಭಯಕ್ಕೆ ಕಾರಣವೂ ಇತ್ತು. ಹಿಂದಿನ ಸಲ ರೇಷ್ಮೆಹುಳಕ್ಕೆ ರೋಗ ಬಿದ್ದು ಇಡೀ ಬೆಳೆ ತಿಪ್ಪೆ ಸೇರಿತ್ತು. ಈ ಸಲ ಹುಳ ಕೊನೆಯ ಪೊರೆ ಕಳಚುವ ನಾಲ್ಕನೇ ಜ್ವರ ದಾಟಿ, ಇನ್ನೇನು ಹಣ್ಣಾಗಿ ಗೂಡು ಕಟ್ಟುವುದರಲ್ಲಿತ್ತು. ಅತ್ತೆ ಮಾನಿಟರಿಗೆ ಅರಿಸಿನದ ನೀರು ಚಿಮುಕಿಸಲು ಚೊಂಬು ತಂದಾಗ ನಾನು ಹೌಹಾರಿ ಪ್ಲಗ್ ಕಿತ್ತೆ.

ಮರುದಿನ ಹದ್ದನ್ನು ರಾಮನಗರದ ರಾಮದೇವರ ಬೆಟ್ಟಕ್ಕೆ ಸಾಗಿಸಿ, ಜೊತೆಗೆ ಇನ್ನಷ್ಟು ಹದ್ದು ಬಿಟ್ಟು, ಅತ್ತೆಯನ್ನು ಕರೆದು ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ನಾನು ಚಿಕ್ಕೋಳಿದ್ದಾಗ ದನ ಸತ್ರೆ ಊರಾಚೆ ಹಾಕ್ಬುಡೋರು. ಮರದ ತುಂಬ ಇವೇ ಕೂರೋವು. ಈಗ ಎಲ್ಲೋದ್ವವ್ವಾ?"

ದನಗಳಿಗೆ ನೋವಿಗೆಂದು ಕೊಟ್ಟ ಔಷಧಿಯೇ, ಆ ದನ ತಿಂದ ಹದ್ದುಗಳಿಗೆ ವಿಷವಾಯಿತು. ಈಗ ನಿಜವಾದ ಬೆಟ್ಟದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಎಂದೆ. ನನ್ನ ಪರದೆಯ ಮೇಲೆ ಅದಕ್ಕಿಂತ ಹೆಚ್ಚು ಹಾರುತ್ತಿದ್ದವು. ಹಾಗೆ ಹೇಳುವಾಗ ನನಗೇ ನಾಚಿಕೆಯಾಯಿತು, ದುಃಖವೂ ಆಯಿತು. ಅತ್ತೆ ಎದ್ದು ಹುಳದ ಮನೆಗೆ ಹೋದರು.

ಹುಳ ಹಣ್ಣಾಯಿತು, ಹುಳ ಬಿಟ್ಟ ಬಿದಿರಿನ ಚಂದ್ರಿಕೆಯ ತುಂಬ ಹಳದಿ ಗೂಡು ಕಟ್ಟಿತು. ಗೂಡು ಬಿಡಿಸುತ್ತಿದ್ದ ದಿನ ಅತ್ತೆ ಅಂಗಳದಲ್ಲಿ ಹಣೆಗೆ ಕೈ ಅಡ್ಡ ಹಿಡಿದು, ಬಹಳ ಎತ್ತರದಲ್ಲಿ ಸುತ್ತುತ್ತಿದ್ದ ಚುಕ್ಕೆಯೊಂದನ್ನು ನೋಡುತ್ತಾ ನಿಂತಿದ್ದರು.

"ರಣಹದ್ದಾ ಅದು?"

"ಅಲ್ಲ ಅತ್ತೆ, ಗರುಡ."

ಗರುಡ ಕಂಡರೆ ಕೆನ್ನೆ ಬಡಿದುಕೊಳ್ಳುವ ಅತ್ತೆ ಅವತ್ತು ಅದನ್ನು ಮರೆತರು.

"ಒಸಿ ದಿನ ನೋಡಾನ," ಎಂದರು. "ನಿಜವಾದ್ದು ಒಂದು ಬಂದು ಸೂರಿನ ಮ್ಯಾಲೇ ಕುಂತ್ರೂ ಕುಂತ್ಕಳ್ಳಿ ಬುಡು. ಶಾಂತಿ ಮಾಡುಸ್ದ್ರಾಯ್ತು."